ತಲೆಗೆ ಜೋರು ಪೆಟ್ಟಾದವರ ಮೆದುಳಿಗೆ ರಕ್ತ ಸಾಕಷ್ಟು ಹೋಗುತ್ತಿದೆಯೇ? ಮಡಿಕೇರಿಯಂಥ ಕಡೆ ಹೇಗೆ ನೋಡುವುದು?

ಐಸಿಯು_ಮಡಿಕೇರಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕರಿಮೆಣಸಿನ ಕೊಯ್ಲಿನಲ್ಲಿ ಏಣಿಯಿಂದ ಬಿದ್ದವರು, ಮಳೆಗೆ ಮುಂಚೆ ಮರಗಸಿ (ತೋಟದ ನೆರಳಿನ ಮರಗಳ ಕೊಂಬೆ ಕಡಿಯುವ) ಕೆಲಸದಲ್ಲಿ ಜಾರಿದವರು, ವರ್ಷವಿಡೀ ಬೈಕಿನವರು. ಕೊಡಗಿನ ಯಾವ ತುರ್ತು ವಿಭಾಗಕ್ಕೂ ತಲೆಪೆಟ್ಟು ಹೊಸದಲ್ಲ. ಜಿಸಿಎಸ್ (ಎಚ್ಚರದ ಮಟ್ಟ ಅಳೆಯುವ ಅಂಕ) 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಉಸಿರ್ನಾಳಕ್ಕೆ ಟ್ಯೂಬ್ ಹಾಕಿ, ಸಿಟಿ ಸ್ಕ್ಯಾನ್ ಮಾಡಿ, ನ್ಯೂರೋಸರ್ಜನ್ ಇರುವ ಮೈಸೂರಿಗೋ ಮಂಗಳೂರಿಗೋ ಕಳಿಸುವುದು ವಾಡಿಕೆ. ಮೈಸೂರಿಗೆ ಸುಮಾರು 120 ಕಿ.ಮೀ. ದಾರಿ. ಮಂಗಳೂರಿನ ಕಡೆ ಸಂಪಾಜೆ ಘಾಟಿಯಲ್ಲಿ ಗುಡ್ಡ ಕುಸಿದರೆ ಆ ದಾರಿಯೇ ಇಲ್ಲ. ಹಾಗಾಗಿ ರೋಗಿ ಹಲವು ಗಂಟೆ ನಮ್ಮ ಕೈಯಲ್ಲೇ ಇರುತ್ತಾರೆ.

ಇರುವ ಸಾಮಾನು: ವೆಂಟಿಲೇಟರ್, ಆರ್ಟೀರಿಯಲ್ ಲೈನ್ (ಧಮನಿಯೊಳಗಿಂದ ಬಿಪಿ ನೋಡುವ ಕೊಳವೆ), ಎಬಿಜಿ (ಧಮನಿ ರಕ್ತದ ಅನಿಲ ಪರೀಕ್ಷೆ), ಎಂಡ್ ಟೈಡಲ್ (ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಮಾಪಕ), ಸಿಟಿ, ಒಂದು ಅಲ್ಟ್ರಾಸೌಂಡ್ ಮೆಷೀನು (ಹೃದಯದ ಪ್ರೋಬ್, ಲೀನಿಯರ್ ಪ್ರೋಬ್ ಎರಡೂ ಇವೆ). ತಲೆಬುರುಡೆ ಒಳಗಿನ ಒತ್ತಡ ಅಳೆಯುವ ಐಸಿಪಿ ಮಾನಿಟರ್ ಇಲ್ಲ.

ಪ್ರಶ್ನೆಗಳು ಮೂರು. ಐಸಿಪಿ ಗೊತ್ತಿಲ್ಲದಾಗ ಬಿಪಿ ಎಷ್ಟು ಇಟ್ಟುಕೊಳ್ಳಬೇಕು? ಹೃದಯದ ಪ್ರೋಬಿನಲ್ಲೇ ಮೆದುಳಿನ ರಕ್ತನಾಳದ ಡಾಪ್ಲರ್ (ರಕ್ತದ ವೇಗ ಅಳೆಯುವ ಅಲ್ಟ್ರಾಸೌಂಡ್) ಮಾಡಿದರೆ ಆ ಅಂಕಿಯನ್ನು ನಂಬಬಹುದೇ? ಅಂಕಿ ಕೆಟ್ಟಿದ್ದರೆ ಮೊದಲು ಏನು ಮಾಡಬೇಕು?

ನ್ಯೂರೋ_ಅರಿವಳಿಕೆ_ಮೈಸೂರು:

ಸರ್, ಮೊದಲೇ ಒಂದು ಮಾತು. ಹಾಸಿಗೆ ಪಕ್ಕದಲ್ಲಿ ನಾವು ನೋಡುವ ಬಹುತೇಕ ಮಾನಿಟರುಗಳು ರಕ್ತದ ಹರಿವನ್ನು ನೇರವಾಗಿ ಅಳೆಯುವುದೇ ಇಲ್ಲ. ಒಂದು ಒತ್ತಡ ಹೇಳುತ್ತದೆ, ಇನ್ನೊಂದು ವೇಗ ಹೇಳುತ್ತದೆ, ಮತ್ತೊಂದು ಮೆದುಳಿನಿಂದ ವಾಪಸ್ ಬರುವ ರಕ್ತದಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಹೇಳುತ್ತದೆ. ಒಂದೊಂದೂ ಎಲ್ಲಿ ಮೋಸ ಮಾಡುತ್ತದೆ ಎಂದು ಗೊತ್ತಿದ್ದವರಿಗೆ ಸಾಮಾನ್ಯ ಸಲಕರಣೆಯಲ್ಲೂ ಬಹಳಷ್ಟು ಕಾಣುತ್ತದೆ.

ಆರೋಗ್ಯವಂತ ಮೆದುಳಿನ 100 ಗ್ರಾಮಿಗೆ ನಿಮಿಷಕ್ಕೆ ಸುಮಾರು 50 ಎಂಎಲ್ ರಕ್ತ ಹೋಗುತ್ತದೆ. ಅದು 20ರ ಆಸುಪಾಸಿಗೆ ಇಳಿದರೆ ನರಕೋಶದ ವಿದ್ಯುತ್ ಕೆಲಸ ನಿಲ್ಲುತ್ತದೆ, 10ರ ಹತ್ತಿರಕ್ಕೆ ಬಂದರೆ ಕೋಶವೇ ಸಾಯತೊಡಗುತ್ತದೆ. ಪೆಟ್ಟಾದ ಮೊದಲ ದಿನ ಹರಿವು ಕಡಿಮೆ ಇರುವ ಕಾಲ. ಮುಂದಿನ ಎರಡು ಮೂರು ದಿನ ಕೆಲವರಲ್ಲಿ ಅತಿಯಾಗುತ್ತದೆ, ನಾಲ್ಕನೇ ದಿನದಿಂದ ಎರಡು ವಾರದವರೆಗೆ ರಕ್ತನಾಳ ಬಿಗಿಯುವ ಭಯ. ರೋಗಿ ನಿಮ್ಮ ಹತ್ತಿರ ಇರುವುದು ಮೊದಲನೆಯ ಹಂತದಲ್ಲಿ, ಅಂದರೆ ಹರಿವು ಕಡಿಮೆ ಇರುವ ಹೊತ್ತಿನಲ್ಲಿ. ಆದ್ದರಿಂದ ನಿಮ್ಮ ಲೆಕ್ಕವೆಲ್ಲ ‘ಕಡಿಮೆ ಆಗಬಾರದು’ ಎಂಬ ದಿಕ್ಕಿನಲ್ಲೇ ಇರಲಿ.

ಇನ್ನು ಬಿಪಿ. (ಮುಂದೆ ಬರುವ ಒತ್ತಡದ ಅಂಕಿಗಳೆಲ್ಲ ಪಾದರಸದ ಮಿಲಿಮೀಟರಿನಲ್ಲಿ.) ಮೆದುಳಿಗೆ ರಕ್ತ ತಳ್ಳುವ ಒತ್ತಡ, ಅಂದರೆ ಸಿಪಿಪಿ, ಎಂದರೆ ಮೀನ್ (ಸರಾಸರಿ) ಬಿಪಿಯಲ್ಲಿ ಐಸಿಪಿ ಕಳೆದು ಉಳಿದದ್ದು. ಬ್ರೈನ್ ಟ್ರಾಮಾ ಫೌಂಡೇಶನ್ನಿನ ಮಾರ್ಗಸೂಚಿಯ 2016ರ ನಾಲ್ಕನೇ ಆವೃತ್ತಿ ಸಿಪಿಪಿ 60ರಿಂದ 70ರ ನಡುವೆ ಇರಲಿ, ಐಸಿಪಿ 22 ದಾಟಿದರೆ ಚಿಕಿತ್ಸೆ ಮಾಡಿ ಎನ್ನುತ್ತದೆ. ನಿಮಗೆ ಐಸಿಪಿ ಗೊತ್ತಿಲ್ಲ. ಸಿಟಿಯಲ್ಲಿ ಊತ ಕಂಡಿದ್ದರೆ ಅದು 20 ಇದೆ ಎಂದೇ ಇಟ್ಟುಕೊಳ್ಳಿ. ಆಗ ಮೆದುಳಿನ ಮಟ್ಟದಲ್ಲಿ ಮೀನ್ ಬಿಪಿ 80ಕ್ಕಿಂತ ಕೆಳಗೆ ಇಳಿಯಬಾರದು. ಸಿಸ್ಟೋಲಿಕ್ (ಬಿಪಿಯ ಮೇಲಿನ ಅಂಕಿ) ಲೆಕ್ಕದಲ್ಲಿ ಹೇಳಬೇಕೆಂದರೆ 15ರಿಂದ 49 ವಯಸ್ಸಿನವರಿಗೂ 70 ದಾಟಿದವರಿಗೂ 110, 50ರಿಂದ 69ರವರಿಗೆ 100: ಇವು ಕನಿಷ್ಠ. ಸಿಸ್ಟೋಲಿಕ್ ಒಂದೇ ಒಂದು ಸಲ 90ಕ್ಕಿಂತ ಕೆಳಗಿಳಿದವರಲ್ಲಿ ಸಾವಿನ ಪ್ರಮಾಣ ಸುಮಾರು ದುಪ್ಪಟ್ಟು ಎಂದು 1993ರಷ್ಟು ಹಿಂದೆಯೇ ಅಮೆರಿಕದ ಟ್ರಾಮಾಟಿಕ್ ಕೋಮಾ ಡೇಟಾ ಬ್ಯಾಂಕ್ ತೋರಿಸಿತ್ತು. ಟ್ಯೂಬ್ ಹಾಕುವಾಗ ಅರಿವಳಿಕೆಯ ಪ್ರೊಪೊಫಾಲ್ ಧಾರಾಳವಾಗಿ ಕೊಟ್ಟು ಬಿಪಿ 80ಕ್ಕೆ ಇಳಿಸಿದರೆ ಆ ‘ಒಂದು ಸಲ’ ಅಲ್ಲೇ ಆಗಿಹೋಯಿತು. ನಾರ್‌ಅಡ್ರಿನಲಿನ್ (ಬಿಪಿ ಏರಿಸುವ ಔಷಧಿ) ಮೊದಲೇ ತುಂಬಿ ಪಂಪಿನಲ್ಲಿ ಸಿದ್ಧ ಇರಲಿ. 50 ಎಂಎಲ್ ಸಿರಿಂಜಿನಲ್ಲಿ 4 ಮಿ.ಗ್ರಾಂ ಹಾಕಿದರೆ ಎಂಎಲ್‌ಗೆ 80 ಮೈಕ್ರೋಗ್ರಾಂ, 60 ಕೆ.ಜಿ.ಯವರಿಗೆ ಕೆ.ಜಿ.ಗೆ ನಿಮಿಷಕ್ಕೆ 0.05 ಮೈಕ್ರೋಗ್ರಾಂ ಬೇಕೆಂದರೆ ಗಂಟೆಗೆ 2.25 ಎಂಎಲ್. ಅಲ್ಲಿಂದ ಏರಿಸಿಕೊಂಡು ಹೋಗಿ.

ಹಾಗಂತ ಸಿಪಿಪಿ 70 ದಾಟಿಸಲು ಸಲೈನ್ ಸುರಿದು, ನಾರ್‌ಅಡ್ರಿನಲಿನ್ ಏರಿಸುತ್ತ ಹೋಗುವುದೂ ತಪ್ಪು. ಶ್ವಾಸಕೋಶಕ್ಕೆ ನೀರು ತುಂಬಿಕೊಳ್ಳುತ್ತದೆ, ಎಆರ್‌ಡಿಎಸ್ (ಶ್ವಾಸಕೋಶದ ತೀವ್ರ ವೈಫಲ್ಯ) ಬರುತ್ತದೆ, ಆಮೇಲೆ ಆಮ್ಲಜನಕವೇ ಸಾಲುವುದಿಲ್ಲ.

ಎರಡನೆಯದು ಕಾರ್ಬನ್ ಡೈಆಕ್ಸೈಡ್. ನನ್ನ ಅಭಿಪ್ರಾಯದಲ್ಲಿ ಬಿಪಿಯ ನಂತರ ಅತಿ ಹೆಚ್ಚು ಹಾನಿ ಮಾಡುವುದು ಇದೇ. ಧಮನಿಯ ಕಾರ್ಬನ್ ಡೈಆಕ್ಸೈಡ್ ಒಂದು ಮಿಲಿಮೀಟರ್ ಇಳಿದರೆ ಮೆದುಳಿನ ಹರಿವು ಸುಮಾರು ನೂರಕ್ಕೆ 3ರಷ್ಟು ಇಳಿಯುತ್ತದೆ. ಅಂಬು ಬ್ಯಾಗನ್ನು (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಗಾಬರಿಯಲ್ಲಿ ನಿಮಿಷಕ್ಕೆ 25 ಸಲ ಒತ್ತಿದರೆ ಅದು 40ರಿಂದ 26ಕ್ಕೆ ಬರುವುದು ಕಷ್ಟವೇನಲ್ಲ. ಆಗ ಹರಿವು ಮೂರನೇ ಒಂದು ಭಾಗಕ್ಕೂ ಹೆಚ್ಚು ಕುಸಿದಿರುತ್ತದೆ. ಬಿಪಿ ಚೆನ್ನಾಗಿದೆ, ಸ್ಯಾಚುರೇಶನ್ 100 ಇದೆ, ಮೆದುಳು ಮಾತ್ರ ಒಣಗುತ್ತಿದೆ, ಮಾನಿಟರಿನಲ್ಲಿ ಏನೂ ಕೆಂಪಾಗುವುದಿಲ್ಲ. ಎಬಿಜಿಯಲ್ಲಿ 35ರಿಂದ 40 ಇಟ್ಟುಕೊಳ್ಳಿ. ಎಂಡ್ ಟೈಡಲ್ ಸಾಮಾನ್ಯವಾಗಿ ಅದಕ್ಕಿಂತ 2ರಿಂದ 5 ಕಡಿಮೆ ತೋರಿಸುತ್ತದೆ, ಎದೆಗೂ ಪೆಟ್ಟಾಗಿದ್ದರೆ ಅಥವಾ ಬಿಪಿ ಕಡಿಮೆ ಇದ್ದರೆ ಅಂತರ ಇನ್ನೂ ದೊಡ್ಡದು. ಟ್ಯೂಬ್ ಹಾಕಿದ ಮೇಲೆ ಒಂದು ಎಬಿಜಿ ತೆಗೆದು ಆ ಅಂತರವನ್ನು ಚಾರ್ಟಿನ ಮೇಲೆ ಬರೆದಿಡಿ. ಆಮೇಲೆ ಎಂಡ್ ಟೈಡಲ್ ನೋಡಿಕೊಂಡೇ ನಡೆಸಬಹುದು.

ಪ್ರೋಬ್_ಮತ್ತು_ಜೆಲ್:

ಎರಡನೇ ಪ್ರಶ್ನೆಗೆ ನನ್ನ ಉತ್ತರ: ನಂಬಬಹುದು, ಆದರೆ ಅಂಕಿ ಬರೆಯುವ ಮುಂಚೆ ನಾಲ್ಕು ಸಂಗತಿ ನೋಡಿಕೊಂಡು. ಅದನ್ನು ಕೊನೆಗೆ ಹೇಳುತ್ತೇನೆ.

1982ರಲ್ಲಿ ಆಸ್ಲಿಡ್ ಮತ್ತು ಸಂಗಡಿಗರು 2 ಮೆಗಾಹರ್ಟ್ಸ್ ಪ್ರೋಬಿನಲ್ಲಿ ತಲೆಬುರುಡೆಯ ಮೂಲಕ ಡಾಪ್ಲರ್ ಸಾಧ್ಯ ಎಂದು ತೋರಿಸಿದರು. ನಿಮ್ಮ ಹೃದಯದ ಪ್ರೋಬ್ ಕೂಡ ಆಸುಪಾಸು ಅದೇ ತರಂಗದಲ್ಲಿ ಕೆಲಸ ಮಾಡುವುದರಿಂದ ಅದು ಸಾಕು. ಮೆಷೀನಿನಲ್ಲಿ ಟ್ರಾನ್ಸ್‌ಕ್ರೇನಿಯಲ್ (ತಲೆಬುರುಡೆಯ ಮೂಲಕ ನೋಡುವ) ಪ್ರಿಸೆಟ್ ಇದ್ದರೆ ಅದನ್ನೇ ಒತ್ತಿ. ಹೃದಯದ ಪ್ರಿಸೆಟ್ಟಿನಲ್ಲಿ ಮಾಡಿದರೆ ಪ್ರೋಬಿನ ಗುರುತು ಪರದೆಯ ಬಲಕ್ಕೆ ಇರುತ್ತದೆ, ಹಿಂದುಮುಂದಾಗಿ ಗೊಂದಲವಾಗುತ್ತದೆ.

ಜಾಗ: ಕಿವಿಯ ಮುಂದೆ, ಕೆನ್ನೆಯ ಮೂಳೆಯ ಕಮಾನಿನ ಸ್ವಲ್ಪ ಮೇಲೆ. ಜೆಲ್ ಧಾರಾಳ ಹಾಕಿ, ಕೂದಲು ಬಿಡಿಸಿ. ಪ್ರೋಬಿನ ಗುರುತು ಕಣ್ಣಿನ ಕಡೆ ಇರಲಿ. ಮೊದಲು ಆಳ 15 ಸೆಂ.ಮೀ. ಇಟ್ಟು ಆಚೆ ಬದಿಯ ಬುರುಡೆ ಕಾಣುತ್ತಿದೆಯೇ ನೋಡಿ. ಅದು ಕಂಡರೆ ಕಿಟಕಿ (ತರಂಗ ಒಳಗೆ ಹಾಯುವ ತೆಳು ಮೂಳೆಯ ಜಾಗ) ಸಿಕ್ಕಿದೆ ಎಂದರ್ಥ. ನಡುವೆ ಚಿಟ್ಟೆಯ ಆಕಾರದ ಕಪ್ಪು ನೆರಳು ಕಾಣುತ್ತದೆ, ಅದು ಮಿಡ್‌ಬ್ರೈನ್. ಅಲ್ಲಿಂದ ಪ್ರೋಬನ್ನು ಕೂದಲೆಳೆಯಷ್ಟು ಮೇಲಕ್ಕೆ ಬಾಗಿಸಿ ಕಲರ್ ಹಾಕಿ. ಕಲರ್ ಸ್ಕೇಲನ್ನು ಸೆಕೆಂಡಿಗೆ 20–30 ಸೆಂ.ಮೀ.ಗೆ ಇಳಿಸಿ. ಹೃದಯಕ್ಕೆ ಇಟ್ಟಿದ್ದ 60–70 ಹಾಗೇ ಬಿಟ್ಟರೆ ಕಲರೇ ಬರುವುದಿಲ್ಲ. ಬಹಳ ಜನ ಇಲ್ಲೇ ‘ಕಿಟಕಿ ಇಲ್ಲ’ ಎಂದು ಕೈಬಿಡುತ್ತಾರೆ. 45ರಿಂದ 65 ಮಿ.ಮೀ. ಆಳದಲ್ಲಿ ಪ್ರೋಬಿನ ಕಡೆಗೆ ಹರಿದು ಬರುವ ಕೆಂಪು ಗೆರೆಯೇ ಮಿಡಲ್ ಸೆರೆಬ್ರಲ್ ಧಮನಿ. ಅದರ ಮೇಲೆ ಪಲ್ಸ್ ಡಾಪ್ಲರ್ ಇಡಿ. ಕೋನ ತಿದ್ದಲು ಹೋಗಬೇಡಿ, ನಾಡಿದ್ದು ಇನ್ನೊಬ್ಬರು ಬೇರೆ ಕೋನದಲ್ಲಿ ಮಾಡಿದರೆ ಹೋಲಿಸಲು ಆಗುವುದಿಲ್ಲ. ಎರಡೂ ಬದಿ ಮಾಡಿ, ಸಿಕ್ಕಿದ ಆಳವನ್ನೂ ಬರೆಯಿರಿ.

ಮೂರು ಅಂಕಿ ಬೇಕು (ಎಲ್ಲವೂ ಸೆಕೆಂಡಿಗೆ ಸೆಂ.ಮೀ. ಲೆಕ್ಕದಲ್ಲಿ): ಸಿಸ್ಟೋಲಿಕ್ ವೇಗ, ಡಯಾಸ್ಟೋಲಿಕ್ ವೇಗ, ಸರಾಸರಿ ವೇಗ. ಮೆಷೀನು ಅಲೆಯ ಅಂಚನ್ನು ಗುರುತಿಸಿ ಸರಾಸರಿ ಕೊಟ್ಟರೆ ಅದನ್ನೇ ತೆಗೆದುಕೊಳ್ಳಿ. ಕೊಡದಿದ್ದರೆ ಸಿಸ್ಟೋಲಿಕ್‌ಗೆ ಡಯಾಸ್ಟೋಲಿಕ್‌ನ ಎರಡರಷ್ಟು ಕೂಡಿಸಿ ಮೂರರಿಂದ ಭಾಗಿಸಿ. ಸಿಸ್ಟೋಲಿಕ್‌ನಲ್ಲಿ ಡಯಾಸ್ಟೋಲಿಕ್ ಕಳೆದು ಸರಾಸರಿಯಿಂದ ಭಾಗಿಸಿದರೆ ಪಲ್ಸಟಿಲಿಟಿ ಇಂಡೆಕ್ಸ್, ಅಂದರೆ ಪಿಐ.

ಉದಾಹರಣೆ: 90 ಮತ್ತು 40 ಬಂದರೆ ಸರಾಸರಿ 57, ಪಿಐ 0.88. ಸಮಾಧಾನ. 80 ಮತ್ತು 12 ಬಂದರೆ ಸರಾಸರಿ 35, ಪಿಐ ಸುಮಾರು 1.95. ಗಮನಿಸಿ, ಎರಡರಲ್ಲೂ ಸಿಸ್ಟೋಲಿಕ್ ಹೆಚ್ಚುಕಡಿಮೆ ಒಂದೇ. ಕೆಟ್ಟ ಸುದ್ದಿ ಇರುವುದು ಡಯಾಸ್ಟೋಲಿಕ್‌ನಲ್ಲಿ. ತಲೆಯೊಳಗೆ ಒತ್ತಡ ಏರಿದಾಗ ಹೃದಯ ಸಡಿಲಗೊಂಡ ಹೊತ್ತಿನ ಹರಿವು ಮೊದಲು ಸಾಯುತ್ತದೆ. ಡಯಾಸ್ಟೋಲಿಕ್ 20ಕ್ಕಿಂತ ಕಡಿಮೆ, ಸರಾಸರಿ 30ಕ್ಕಿಂತ ಕಡಿಮೆ, ಪಿಐ 1.4ಕ್ಕಿಂತ ಹೆಚ್ಚು: ಇವು ಒಟ್ಟಿಗೆ ಬಂದರೆ ಮೆದುಳಿಗೆ ರಕ್ತ ಸಾಲುತ್ತಿಲ್ಲ ಎಂದೇ ನಡೆದುಕೊಳ್ಳಿ. ಡಯಾಸ್ಟೋಲಿಕ್ ಅಲೆ ಗೆರೆಯ ಕೆಳಗೆ ತಿರುಗಿ ಹಿಮ್ಮುಖವಾದರೆ ಹರಿವು ನಿಲ್ಲುವ ಹಂತಕ್ಕೆ ಬಂದಿದೆ.

ಮೊದಲು ಹೇಳಿದ ನಾಲ್ಕು ಸಂಗತಿ. ಕಾರ್ಬನ್ ಡೈಆಕ್ಸೈಡ್ ಕಡಿಮೆ ಇದ್ದರೆ ಪಿಐ ತಾನಾಗೇ ಏರುತ್ತದೆ. ಹೃದಯ ಬಡಿತ ನಿಧಾನವಾದರೂ ಏರುತ್ತದೆ. ಡಯಾಸ್ಟೋಲಿಕ್ ಬಿಪಿಯೇ ಕಡಿಮೆ ಇದ್ದರೂ, ಮಹಾಧಮನಿಯ ಕವಾಟ ಸೋರುತ್ತಿದ್ದರೂ ಅದೇ ಕಥೆ. ಈ ನಾಲ್ಕನ್ನೂ ನೋಡದೆ ‘ಪಿಐ 1.6, ಐಸಿಪಿ ಜಾಸ್ತಿ’ ಎಂದು ಬರೆಯಬಾರದು. ಪಿಐನಿಂದ ಐಸಿಪಿಯ ಅಂಕಿ ಲೆಕ್ಕಹಾಕುವ ಸೂತ್ರಗಳು ಓಡಾಡುತ್ತಿವೆ, ಒಬ್ಬ ರೋಗಿಯ ಮಟ್ಟಿಗೆ ಅವು ನಂಬಿಕೆಗೆ ಯೋಗ್ಯವಲ್ಲ. ಅದೇ ರೋಗಿಯಲ್ಲಿ ಅರ್ಧ ಗಂಟೆಯ ಹಿಂದಿನದಕ್ಕೂ ಈಗಿನದಕ್ಕೂ ಎಷ್ಟು ವ್ಯತ್ಯಾಸ ಎಂಬುದು ಹೆಚ್ಚು ಹೇಳುತ್ತದೆ.

ಇನ್ನೊಂದು. ವೇಗ ಜಾಸ್ತಿ ಎಂದರೆ ಹರಿವು ಜಾಸ್ತಿ ಎಂದಲ್ಲ. ಪೈಪಿನ ಬಾಯಿ ಬೆರಳಿಂದ ಒತ್ತಿದರೆ ನೀರು ಜೋರಾಗಿ ಚಿಮ್ಮುತ್ತದಲ್ಲ, ಹಾಗೆ. ಸರಾಸರಿ ವೇಗ 120 ದಾಟಿದರೆ ದವಡೆಯ ಮೂಲೆಯ ಕೆಳಗೆ ಕುತ್ತಿಗೆಯ ಇಂಟರ್ನಲ್ ಕೆರೋಟಿಡ್‌ನ ಸರಾಸರಿ ತೆಗೆದು ಮೆದುಳಿನ ಧಮನಿಯ ಸರಾಸರಿಯನ್ನು ಅದರಿಂದ ಭಾಗಿಸಿ. ಇದು ಲಿಂಡೆಗಾರ್ಡ್ ಅನುಪಾತ. 3ಕ್ಕಿಂತ ಕಡಿಮೆ ಇದ್ದರೆ ನಿಜವಾಗಿ ಹರಿವು ಹೆಚ್ಚಿದೆ, 3 ದಾಟಿದರೆ ನಾಳ ಬಿಗಿದಿದೆ, 6 ದಾಟಿದರೆ ತೀವ್ರ. ಮೊದಲ ದಿನ ಇದು ನಿಮಗೆ ಬೇಕಾಗುವುದು ಅಪರೂಪ.

ಹತ್ತರಲ್ಲಿ ಒಬ್ಬರಿಗಾದರೂ ಮೂಳೆ ದಪ್ಪವಿದ್ದು ಕಿಟಕಿ ಸಿಗುವುದಿಲ್ಲ, ವಯಸ್ಸಾದ ಹೆಂಗಸರಲ್ಲಿ ಇನ್ನೂ ಹೆಚ್ಚು. ‘ಕಿಟಕಿ ಸಿಗಲಿಲ್ಲ’ ಎಂದು ಬರೆಯಿರಿ. ‘ಹರಿವು ಇಲ್ಲ’ ಎಂದು ಬರೆದರೆ ಅರ್ಥವೇ ಬೇರೆಯಾಗುತ್ತದೆ.

ಸಿಸ್ಟರ್_ಕುಶಾಲನಗರ:

ಡಾಕ್ಟ್ರು ‘ಮೆದುಳಿನ ಮಟ್ಟದಲ್ಲಿ 80’ ಎಂದಿದ್ದಾರೆ. ಆ ಮಾತನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ತಪ್ಪು ಇಲ್ಲೇ ಆಗುವುದು.

ತಲೆಯ ಕಡೆ 30 ಡಿಗ್ರಿ ಏರಿಸಿದ್ದೀರಿ, ಆರ್ಟೀರಿಯಲ್ ಟ್ರಾನ್ಸ್‌ಡ್ಯೂಸರ್ (ಆರ್ಟೀರಿಯಲ್ ಲೈನಿನ ಒತ್ತಡ ಓದುವ ಸಾಧನ) ಮಾತ್ರ ಹೃದಯದ ಮಟ್ಟದಲ್ಲಿ ಕಟ್ಟಿದ್ದೀರಿ ಎಂದುಕೊಳ್ಳಿ. ಹೃದಯದಿಂದ ಕಿವಿಯ ತೂತಿನ ಎತ್ತರ 15 ಸೆಂ.ಮೀ. ಆದರೆ ಒತ್ತಡದಲ್ಲಿ 11ರ ವ್ಯತ್ಯಾಸ (13.6 ಸೆಂ.ಮೀ. ನೀರು ಎಂದರೆ 10 ಮಿ.ಮೀ. ಪಾದರಸ). ಮಾನಿಟರಿನಲ್ಲಿ ಮೀನ್ 80 ಎಂದು ಕಂಡರೆ ಮೆದುಳಿಗೆ ಸಿಗುತ್ತಿರುವುದು 69. ಐಸಿಪಿ 20 ಕಳೆದರೆ 49. ಚಾರ್ಟಿನಲ್ಲಿ 60 ಎಂದು ಬರೆದಿರುತ್ತದೆ. ಬ್ರಿಟನ್ನಿನ ನ್ಯೂರೋ ಅರಿವಳಿಕೆ ಮತ್ತು ನ್ಯೂರೋಸರ್ಜರಿ ಸಂಘಗಳು ಸಿಪಿಪಿ ಲೆಕ್ಕಕ್ಕೆ ಟ್ರಾನ್ಸ್‌ಡ್ಯೂಸರನ್ನು ಟ್ರೇಗಸ್, ಅಂದರೆ ಕಿವಿಯ ಮುಂದಿನ ಪುಟ್ಟ ಗುಬುಟು, ಅದರ ಮಟ್ಟಕ್ಕೆ ಇಡಿ ಎನ್ನುವುದು ಇದಕ್ಕೇ. ತೋಳಿನ ಕಫ್‌ನಲ್ಲಿ ಬಿಪಿ ನೋಡುತ್ತಿದ್ದರೆ ಟೇಪಿನಿಂದ ಎತ್ತರ ಅಳೆದು ಕಳೆಯಿರಿ, ಅಥವಾ ಸುಮ್ಮನೆ ಮೀನ್ 90 ಗುರಿ ಇಟ್ಟುಕೊಳ್ಳಿ. ಯಾವ ಮಟ್ಟದಲ್ಲಿ ಅಳೆದದ್ದು ಎಂದು ಚಾರ್ಟಿನ ತಲೆಯ ಮೇಲೆ ದೊಡ್ಡದಾಗಿ ಬರೆಯಿರಿ. ಮೈಸೂರಿನಲ್ಲಿ ರೋಗಿಯನ್ನು ತೆಗೆದುಕೊಳ್ಳುವವರಿಗೆ ಇದು ಗೊತ್ತಿರದಿದ್ದರೆ ಅವರ ಲೆಕ್ಕವೂ ತಪ್ಪುತ್ತದೆ. ಹಾಸಿಗೆ ಏರಿಸಿ ಇಳಿಸಿದಾಗಲೆಲ್ಲ ಮತ್ತೆ ಮಟ್ಟ ನೋಡಿ, ಜೀರೋ ಮಾಡಿ. ಪ್ರೆಷರ್ ಬ್ಯಾಗು 300ರಲ್ಲಿ ಇದೆಯೇ, ಟ್ಯೂಬಿನಲ್ಲಿ ಗಾಳಿ ಗುಳ್ಳೆ ಇದೆಯೇ ಎಂದು ನೋಡುವುದೂ ಅದರ ಜೊತೆಗೇ. ಗುಳ್ಳೆ ಇದ್ದರೆ ಅಲೆ ಚಪ್ಪಟೆಯಾಗುತ್ತದೆ.

ರಕ್ತ ಒಳಗೆ ಹೋಗುವಷ್ಟೇ ಹೊರಗೆ ಬರುವುದೂ ಮುಖ್ಯ. ಸರ್ವೈಕಲ್ ಕಾಲರ್ ಬಿಗಿಯಾಗಿದ್ದರೆ, ಟ್ಯೂಬ್ ಕಟ್ಟುವ ಟೇಪು ಕುತ್ತಿಗೆಯ ಸುತ್ತ ಬಿಗಿದಿದ್ದರೆ, ತಲೆ ಒಂದು ಕಡೆ ವಾಲಿದ್ದರೆ ಜುಗುಲರ್ ಸಿರೆ ಒತ್ತಿಹೋಗಿ ಐಸಿಪಿ ಏರುತ್ತದೆ. ಮ್ಯಾನಿಟಾಲ್ (ಮೆದುಳಿನ ಊತ ಇಳಿಸುವ ದ್ರಾವಣ) ಹಾಕುವ ಮುಂಚೆ ಕುತ್ತಿಗೆ ನೋಡಿ. ಕಫ ತೆಗೆಯುವಾಗ ಒಂದು ಸಲಕ್ಕೆ 10 ಸೆಕೆಂಡ್ ಮೀರಬೇಡಿ, ಅದಕ್ಕೂ ಮುಂಚೆ ಸೆಡೇಶನ್ (ಮಂಪರಿನ ಔಷಧಿ) ಸಾಕಷ್ಟಿದೆಯೇ ನೋಡಿಕೊಳ್ಳಿ. ಕಣ್ಣಿನ ಪಾಪೆ, ಜಿಸಿಎಸ್ ಗಂಟೆಗೊಮ್ಮೆ. ಮೊದಲ ಕೆಲವು ಗಂಟೆ ಅರ್ಧ ಗಂಟೆಗೊಮ್ಮೆ ನೋಡಿದರೆ ಇನ್ನೂ ಒಳ್ಳೆಯದು.

ಐಸಿಯು_ಮಡಿಕೇರಿ:

ಸಿಸ್ಟರ್ ಹೇಳಿದ 11ರ ಲೆಕ್ಕ ನಮ್ಮ ಚಾರ್ಟಿನಲ್ಲಿ ಎಲ್ಲೂ ಇಲ್ಲ. ಅದನ್ನು ಮೊದಲು ಸೇರಿಸುತ್ತೇವೆ.

ಮೂರನೇ ಪ್ರಶ್ನೆ ಉಳಿದಿದೆ. ಪಿಐ 1.9, ಡಯಾಸ್ಟೋಲಿಕ್ ವೇಗ 12, ಕಾರ್ಬನ್ ಡೈಆಕ್ಸೈಡ್ 38, ಬಿಪಿ ಸರಿಯಿದೆ, ಹೊರಡಲು ಇನ್ನೂ ಒಂದು ಗಂಟೆ. ಆಗ? ಕಣ್ಣಿನ ಹಿಂದಿನ ನರದ ದಪ್ಪ ಅಳೆಯುವುದರಿಂದ ಹೆಚ್ಚೇನಾದರೂ ತಿಳಿಯುತ್ತದೆಯೇ?

ನ್ಯೂರೋ_ಅರಿವಳಿಕೆ_ಮೈಸೂರು:

ಕುತ್ತಿಗೆ, ತಲೆಯ ಎತ್ತರ, ಸೆಡೇಶನ್, ಜ್ವರ, ಫಿಟ್ಸ್: ಇಷ್ಟು ಎರಡು ನಿಮಿಷದಲ್ಲಿ ನೋಡಿ ಮುಗಿಸಿ. ಆಮೇಲೆ ಮೀನ್ ಬಿಪಿಯನ್ನು ಹತ್ತು ಏರಿಸಿ, ಹತ್ತು ನಿಮಿಷ ಬಿಟ್ಟು ಡಾಪ್ಲರ್ ಮತ್ತೆ ಮಾಡಿ. ಡಯಾಸ್ಟೋಲಿಕ್ ವೇಗ ಏರಿ ಪಿಐ ಇಳಿದರೆ ಒತ್ತಡ ಸಾಲದೆ ಇದ್ದದ್ದು ಖಚಿತ, ಆ ಬಿಪಿಯನ್ನೇ ಉಳಿಸಿಕೊಳ್ಳಿ. ಏನೂ ಬದಲಾಗದಿದ್ದರೆ ಊತ ಇಳಿಸುವ ದ್ರಾವಣ ಕೊಡುವ ಹೊತ್ತು ಬಂದಿದೆ.

ಬಿಪಿ ಗಟ್ಟಿಯಾಗಿದ್ದರೆ ಮ್ಯಾನಿಟಾಲ್, ಅಲುಗಾಡುತ್ತಿದ್ದರೆ ಅಥವಾ ಬೇರೆಡೆ ರಕ್ತಸ್ರಾವ ಇದ್ದರೆ 3 ಪರ್ಸೆಂಟ್ ಸಲೈನ್ 250 ಎಂಎಲ್. ಮ್ಯಾನಿಟಾಲ್ ಮೂತ್ರ ಸುರಿಸಿ ಅರ್ಧ ಮುಕ್ಕಾಲು ಗಂಟೆಯ ಮೇಲೆ ಬಿಪಿ ಇಳಿಸುತ್ತದೆ. ನೀವು ಆಗ ಹುಣಸೂರು ದಾರಿಯಲ್ಲಿ ಇರುತ್ತೀರಿ ಎಂಬುದು ನೆನಪಿರಲಿ. ಮೂತ್ರದ ಕ್ಯಾತಿಟರ್ ಇಲ್ಲದೆ ಕೊಡಬೇಡಿ. ಪ್ರಮಾಣ ಕೆ.ಜಿ.ಗೆ 0.25ರಿಂದ 1 ಗ್ರಾಂ. 60 ಕೆ.ಜಿ.ಯವರಿಗೆ ಅರ್ಧ ಗ್ರಾಮಿನ ಲೆಕ್ಕದಲ್ಲಿ 30 ಗ್ರಾಂ, ಅಂದರೆ 20 ಪರ್ಸೆಂಟಿನ ಬಾಟಲಿಯಲ್ಲಿ 150 ಎಂಎಲ್, 15–20 ನಿಮಿಷದಲ್ಲಿ.

ಮಡಿಕೇರಿಯ ಚಳಿಗೆ ಒಂದು ವಿಶೇಷ ಎಚ್ಚರಿಕೆ. 20 ಪರ್ಸೆಂಟ್ ಮ್ಯಾನಿಟಾಲ್ ತಣ್ಣಗಾದರೆ ಹರಳುಗಟ್ಟುತ್ತದೆ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡದೆ ಚುಚ್ಚಬೇಡಿ. ಹರಳು ಇದ್ದರೆ ಬಿಸಿನೀರಿನಲ್ಲಿಟ್ಟು ಅಲುಗಾಡಿಸಿ ಪೂರ್ತಿ ಕರಗಿಸಿ, ಮೈ ಬಿಸಿಗೆ ತಣಿಸಿ, ಫಿಲ್ಟರ್ ಇರುವ ಸೆಟ್ಟಿನಲ್ಲೇ ಕೊಡಿ. ಹರಳು ಸೆಟ್ಟಿನಲ್ಲಿ ಕಟ್ಟಿಕೊಂಡರೆ 150 ಎಂಎಲ್ ಹೋಯಿತು ಎಂದುಕೊಂಡಲ್ಲಿ 40 ಹೋಗಿರುತ್ತದೆ. ನಾಲ್ಕು ಬಾಟಲಿಯನ್ನು ಐಸಿಯುವಿನ ಬೆಚ್ಚಗಿನ ಕಪಾಟಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಪಾಪೆ ಒಂದು ಕಡೆ ಹಿಗ್ಗಿದರೆ, ಅಥವಾ ಬಿಪಿ ಏರುತ್ತ ನಾಡಿ ನಿಧಾನವಾಗುತ್ತ ಬಂದರೆ ಮೆದುಳು ಜಾರುತ್ತಿದೆ. ಅಂಥ ಹೊತ್ತಿನಲ್ಲಿ ಮಾತ್ರ ದ್ರಾವಣ ಹೋಗುವಷ್ಟು ಕಾಲ ಕಾರ್ಬನ್ ಡೈಆಕ್ಸೈಡನ್ನು 30–35ಕ್ಕೆ ಇಳಿಸಬಹುದು. ಪಾಪೆ ಕುಗ್ಗಿದ ಕೂಡಲೇ ವಾಪಸ್ 35ರ ಮೇಲೆ ತನ್ನಿ. ಆ ಏರಿದ ಬಿಪಿಯನ್ನು ಇಳಿಸಲು ಲೆಬೆಟಾಲಾಲ್ ಕೊಡಬೇಡಿ, ಮೆದುಳು ಅದರಿಂದಲೇ ಬದುಕಿದೆ. ಸ್ಟೀರಾಯ್ಡ್ ಬೇಡವೇ ಬೇಡ. ಮೀಥೈಲ್ ಪ್ರೆಡ್ನಿಸೊಲೋನ್ ಕೊಟ್ಟವರಲ್ಲಿ ಸಾವು ಹೆಚ್ಚು ಎಂದು 2004ರ ಕ್ರ್ಯಾಶ್ ಪ್ರಯೋಗ ತೋರಿಸಿದ ಮೇಲೂ ಕೆಲವು ರೆಫರಲ್ ಚೀಟಿಗಳಲ್ಲಿ ಡೆಕ್ಸಾ (ಡೆಕ್ಸಾಮೆಥಾಸೋನ್, ಅದೂ ಸ್ಟೀರಾಯ್ಡೇ) ಕಾಣುತ್ತದೆ. ದಯವಿಟ್ಟು ನಿಲ್ಲಿಸಿ.

ಕಣ್ಣಿನ ನರದ ಬಗ್ಗೆ ಮುಂದಿನವರು ಹೇಳಲಿ. ನನ್ನ ಮಟ್ಟಿಗೆ ಅದು ಒತ್ತಡದ ಸುಳಿವು, ಹರಿವಿನದಲ್ಲ.

ಪ್ರೋಬ್_ಮತ್ತು_ಜೆಲ್:

ಹೌದು ಸರ್, ಒತ್ತಡದ ಸುಳಿವೇ. ಲೀನಿಯರ್ ಪ್ರೋಬ್, ಮುಚ್ಚಿದ ರೆಪ್ಪೆಯ ಮೇಲೆ ಪಾರದರ್ಶಕ ಡ್ರೆಸ್ಸಿಂಗ್, ಅದರ ಮೇಲೆ ದಪ್ಪಗೆ ಜೆಲ್. ಕೈಯ ಭಾರ ಹಣೆಯ ಮೇಲೆ ಇರಬೇಕು, ಕಣ್ಣಿನ ಮೇಲಲ್ಲ. ಮೆಷೀನಿನ ಪವರ್ ಇಳಿಸಿ. ಕಣ್ಣುಗುಡ್ಡೆಯ ಹಿಂಬದಿಯಿಂದ 3 ಮಿ.ಮೀ. ಹಿಂದೆ ನರದ ಹೊದಿಕೆಯ ಅಗಲ ಅಳೆಯಿರಿ, ಎರಡೂ ಕಣ್ಣಲ್ಲಿ ಎರಡೆರಡು ಸಲ. 5 ಮಿ.ಮೀ. ಒಳಗಿದ್ದರೆ ಧೈರ್ಯ, 6 ದಾಟಿದರೆ ಐಸಿಪಿ ಏರಿದೆ ಎಂದು ಹಿಡಿಯಿರಿ, ನಡುವಿನದು ಮಸುಕು. ಅರ್ಧ ಮಿಲಿಮೀಟರಿನ ಕೈತಪ್ಪು ಎಲ್ಲರಿಂದಲೂ ಆಗುತ್ತದೆ, ಹಾಗಾಗಿ ಒಬ್ಬರೇ ಅಳೆಯುವುದು ಒಳ್ಳೆಯದು. ಕಣ್ಣುಗುಡ್ಡೆ ಒಡೆದಿರುವ ಅನುಮಾನ ಇದ್ದರೆ ಮುಟ್ಟಲೇಬೇಡಿ. ಬಿದಿರೇಣಿಯಿಂದ ಮುಖ ಅಡಿಯಾಗಿ ಬಿದ್ದವರಲ್ಲಿ ಇದನ್ನು ಮೊದಲು ಯೋಚಿಸಿ.

ಇದಕ್ಕಿಂತ ಉಪಯೋಗದ ಇನ್ನೊಂದು ಇದೆ. ದಾರಿ ಬಂದ್ ಆಗಿ ರೋಗಿ ಇಲ್ಲೇ ಉಳಿದರೆ, ಮತ್ತೆ ಮತ್ತೆ ಸಿಟಿಗೆ ಒಯ್ಯುವ ಬದಲು ಅದೇ ಹೃದಯದ ಪ್ರೋಬಿನಲ್ಲಿ ನಡುಗೆರೆ ಎಷ್ಟು ಸರಿದಿದೆ ನೋಡಬಹುದು. ಮಿಡ್‌ಬ್ರೈನ್ ಕಂಡ ಜಾಗದಿಂದ ಸ್ವಲ್ಪ ಮೇಲೆ ಬಾಗಿಸಿದರೆ ಎರಡು ಸಮಾನಾಂತರ ಬಿಳಿ ಗೆರೆಗಳ ನಡುವೆ ಮೂರನೇ ವೆಂಟ್ರಿಕಲ್ (ಮೆದುಳಿನ ನಡುವಿನ ದ್ರವ ತುಂಬಿದ ಕುಹರ) ಕಾಣುತ್ತದೆ. ಬಲದಿಂದ ಅದರ ನಡುವಿಗೆ ಎಷ್ಟು ದೂರ, ಎಡದಿಂದ ಎಷ್ಟು ದೂರ. ವ್ಯತ್ಯಾಸದ ಅರ್ಧವೇ ಸರಿತ. 74 ಮತ್ತು 64 ಮಿ.ಮೀ. ಬಂದರೆ 5 ಮಿ.ಮೀ. ಸರಿದಿದೆ. ಮೊದಲ ಸಿಟಿಯ ಅಂಕಿಗೆ ಹೋಲಿಸಿ ಇಟ್ಟುಕೊಂಡರೆ ಮುಂದೆ ಹೆಚ್ಚಾದದ್ದು ಕೂಡಲೇ ತಿಳಿಯುತ್ತದೆ.

ಘಾಟಿ_ಆಂಬುಲೆನ್ಸ್:

ದಾರಿಯ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಸೇರಿಸುತ್ತಿದ್ದೇನೆ. ವಾರ್ಡಿನಲ್ಲಿ ಸರಿ ಮಾಡಿದ್ದೆಲ್ಲ ಕೆಡುವುದು ಗಾಡಿಯಲ್ಲೇ.

ಆಮ್ಲಜನಕ: ನಿಮಿಷಕ್ಕೆ 10 ಲೀಟರ್ ಎಂದರೆ ಮೂರು ಗಂಟೆಗೆ 1800 ಲೀಟರ್. ತುಂಬಿದ ಬಿ ಟೈಪ್ ಸಿಲಿಂಡರಿನಲ್ಲಿ ಇರುವುದು ಸುಮಾರು 1500. ಒಂದರಲ್ಲಿ ಮೈಸೂರು ತಲುಪುವುದಿಲ್ಲ, ಎರಡು ಬೇಕು. ಟ್ರಾಫಿಕ್ಕಿಗೆಂದು ಅರ್ಧ ಲೆಕ್ಕ ಹೆಚ್ಚು ಇಟ್ಟುಕೊಳ್ಳಿ.

ಗಾಡಿಯಲ್ಲಿ ರೋಗಿಯ ತಲೆ ಡ್ರೈವರ್ ಕಡೆ ಇರುತ್ತದೆ. ಇಳಿಜಾರಿನಲ್ಲಿ ತಲೆ ಕೆಳಗಾಗುತ್ತದೆ, ಜೋರಾಗಿ ಬ್ರೇಕ್ ಹಾಕಿದರೆ ರಕ್ತ ತಲೆಯ ಕಡೆ ನುಗ್ಗುತ್ತದೆ. ಸ್ಟ್ರೆಚರಿನ ತಲೆಭಾಗ 30 ಡಿಗ್ರಿ ಏರಿಸಿ (ಬೆನ್ನುಮೂಳೆಯ ಪೆಟ್ಟು ತಳ್ಳಿಹಾಕಿಲ್ಲದಿದ್ದರೆ ಇಡೀ ಸ್ಟ್ರೆಚರನ್ನೇ ವಾಲಿಸಿ), ಸೊಂಟಕ್ಕೆ ಬೆಲ್ಟು ಹಾಕಿ, ಇಲ್ಲದಿದ್ದರೆ ತಿರುವುಗಳಲ್ಲಿ ರೋಗಿ ಜಾರಿ ಕುತ್ತಿಗೆ ಮಡಚಿಕೊಳ್ಳುತ್ತದೆ. ಡ್ರೈವರಣ್ಣನಿಗೆ ಮೊದಲೇ ಹೇಳಿ: ವೇಗಕ್ಕಿಂತ ನಯ ಮುಖ್ಯ.

ಬ್ಯಾಗ್ ಒತ್ತುವವರು ಎಂಡ್ ಟೈಡಲ್ ನೋಡುತ್ತ ಒತ್ತಬೇಕು. ಆ ಮಾನಿಟರ್ ಇಲ್ಲದಿದ್ದರೆ ಐದು ಸೆಕೆಂಡಿಗೆ ಒಂದು ಸಲ, ಗಡಿಯಾರ ನೋಡಿಕೊಂಡು. ಟ್ರಾನ್ಸ್‌ಪೋರ್ಟ್ ವೆಂಟಿಲೇಟರ್ ಇದ್ದರೆ ವಾರ್ಡಿನಲ್ಲೇ ಅದಕ್ಕೆ ಹಾಕಿ 15 ನಿಮಿಷ ನಡೆಸಿ, ಒಂದು ಎಬಿಜಿ ನೋಡಿ ಹೊರಡಿ. ನಾರ್‌ಅಡ್ರಿನಲಿನ್ ಎರಡನೇ ಸಿರಿಂಜ್ ತುಂಬಿಟ್ಟುಕೊಳ್ಳಿ, ಪಂಪಿನ ಬ್ಯಾಟರಿ ನೋಡಿ. ಕುಶಾಲನಗರ, ಹುಣಸೂರು: ಎರಡು ಕಡೆ ಒಂದೊಂದು ನಿಮಿಷ ನಿಲ್ಲಿಸಿ ಪಾಪೆ ನೋಡಿ, ಹೊತ್ತು ಬರೆದುಕೊಳ್ಳಿ. ಪಾಪೆ ಯಾವ ಹೊತ್ತಿಗೆ ಹಿಗ್ಗಿತು ಎಂಬುದನ್ನೇ ಅಲ್ಲಿಯ ಸರ್ಜನ್ ಮೊದಲು ಕೇಳುತ್ತಾರೆ.

ನ್ಯೂರೋ_ಅರಿವಳಿಕೆ_ಮೈಸೂರು:

ದೊಡ್ಡ ಕೇಂದ್ರದಲ್ಲಿ ಮುಂದೆ ಏನು ನಡೆಯುತ್ತದೆ ಎಂದು ಮನೆಯವರು ಕೇಳುವುದುಂಟು, ಅದಕ್ಕೆ ಎರಡು ಮಾತು. ವೆಂಟ್ರಿಕಲ್ಲಿಗೆ ಕೊಳವೆ ಅಥವಾ ಮೆದುಳಿನ ಒಳಗೆ ಸಣ್ಣ ತಂತಿ ಇಟ್ಟು ಐಸಿಪಿ ನೋಡುತ್ತಾರೆ. ಕೊಳವೆ ತೆರೆದು ದ್ರವ ಹರಿಯುತ್ತಿರುವಾಗ ಓದಿದ ಐಸಿಪಿ ಸುಳ್ಳು, ಮುಚ್ಚಿ ಓದಬೇಕು. ಕೆಲವು ಕಡೆ ಜುಗುಲರ್ ಸಿರೆಯಲ್ಲಿ ಮೇಲ್ಮುಖವಾಗಿ ಕ್ಯಾತಿಟರ್ ಏರಿಸಿ ಮೆದುಳಿನಿಂದ ವಾಪಸಾದ ರಕ್ತದ ಸ್ಯಾಚುರೇಶನ್ ನೋಡುತ್ತಾರೆ. 55ರಿಂದ 75 ಇದ್ದರೆ ಸರಿ, 50ಕ್ಕಿಂತ ಇಳಿದರೆ ಮೆದುಳು ಸಿಕ್ಕಿದ್ದಷ್ಟನ್ನೂ ಹೀರುತ್ತಿದೆ ಎಂದರ್ಥ. ಸಿರಿಂಜನ್ನು ಬೇಗ ಎಳೆದರೆ ಮುಖದ ಸಿರೆಯ ರಕ್ತ ಬೆರೆತು ಅಂಕಿ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಮೆದುಳಿನ ಅಂಗಾಂಶದ ಆಮ್ಲಜನಕ ನೇರ ಅಳೆಯುವ ತಂತಿಯೂ ಇದೆ, 20ಕ್ಕಿಂತ ಇಳಿದರೆ ಚಿಕಿತ್ಸೆ. ಆದರೆ ಅದನ್ನು ನೋಡಿ ನಡೆಸಿದ ಫ್ರಾನ್ಸಿನ ಆಕ್ಸಿ–ಟಿಸಿ ಪ್ರಯೋಗದಲ್ಲಿ (2023) ಆರು ತಿಂಗಳ ಫಲಿತಾಂಶ ಉತ್ತಮವಾಗಲಿಲ್ಲ. ಹರಿವನ್ನೇ ಎಂಎಲ್ ಲೆಕ್ಕದಲ್ಲಿ ಹೇಳುವ ಉಷ್ಣ ಪ್ರೋಬುಗಳೂ ಇವೆ. ತುದಿಯ ಸುತ್ತಲಿನ ಚೂರು ಜಾಗದ ಸುದ್ದಿ ಮಾತ್ರ ಅವು ಕೊಡುತ್ತವೆ, ಜ್ವರ ಬಂದರೆ ಕೆಲಸ ನಿಲ್ಲಿಸುತ್ತವೆ.

ನಿಮಗೆ ಧೈರ್ಯ ಕೊಡುವ ಒಂದು ಅಧ್ಯಯನವೂ ಇದೆ. ಬೊಲಿವಿಯಾ ಮತ್ತು ಈಕ್ವೆಡಾರಿನಲ್ಲಿ 324 ರೋಗಿಗಳ ಮೇಲೆ ನಡೆದ ಬೆಸ್ಟ್ ಟ್ರಿಪ್ ಪ್ರಯೋಗ (2012), ಐಸಿಪಿ ತಂತಿ ಇಟ್ಟು ನಡೆಸಿದ ಗುಂಪಿಗೂ ಸಿಟಿ ಮತ್ತು ಹಾಸಿಗೆ ಪಕ್ಕದ ಪರೀಕ್ಷೆ ನೋಡಿ ನಡೆಸಿದ ಗುಂಪಿಗೂ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದರಿಂದ ಮಾನಿಟರ್ ಬೇಡ ಎಂದು ತೀರ್ಮಾನಿಸಬಾರದು. ಆ ಎರಡನೇ ಗುಂಪಿನವರನ್ನು ಗಂಟೆಗಂಟೆಗೂ ನೋಡುತ್ತಿದ್ದರು, ಬರೆದಿಟ್ಟ ಕ್ರಮದಂತೆ ಚಿಕಿತ್ಸೆ ಮಾಡುತ್ತಿದ್ದರು.

ಐಸಿಯು_ಮಡಿಕೇರಿ:

ತುಂಬ ಉಪಕಾರವಾಯಿತು. ಕೊನೆಯದಾಗಿ ಒಂದು: ಲೈನ್‌ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಮಕ್ಕಳೂ ಬೀಳುತ್ತಾರೆ. ಎಂಟು ವರ್ಷದ ಮಗುವಿಗೆ ಇದೇ ಅಂಕಿಗಳೇ?

ನ್ಯೂರೋ_ಅರಿವಳಿಕೆ_ಮೈಸೂರು:

ಇಲ್ಲ. ಮಕ್ಕಳಿಗೆ ಸಿಪಿಪಿ ಕನಿಷ್ಠ 40ರಿಂದ 50, ಐಸಿಪಿ 20 ದಾಟಿದರೆ ಚಿಕಿತ್ಸೆ. ಸಿಸ್ಟೋಲಿಕ್‌ನ ಕೆಳಗಿನ ಗಡಿಗೆ ವಯಸ್ಸಿನ ಎರಡರಷ್ಟಕ್ಕೆ 70 ಕೂಡಿಸಿ. ಎಂಟು ವರ್ಷಕ್ಕೆ 86. ಅದು ಕುಸಿತದ ಗೆರೆ, ಗುರಿಯಲ್ಲ, ಅದಕ್ಕಿಂತ ಸಾಕಷ್ಟು ಮೇಲಿರಬೇಕು. ಬುರುಡೆ ತೆಳುವಾದ್ದರಿಂದ ಡಾಪ್ಲರ್ ಕಿಟಕಿ ಸುಲಭವಾಗಿ ಸಿಗುತ್ತದೆ. ವೇಗ ದೊಡ್ಡವರಿಗಿಂತ ಸಹಜವಾಗಿಯೇ ಹೆಚ್ಚು, ಆ ವಯಸ್ಸಿನಲ್ಲಿ ಸರಾಸರಿ 90–100 ಬಂದರೆ ನಾಳ ಬಿಗಿದಿದೆ ಎಂದು ಗಾಬರಿಯಾಗಬೇಡಿ. 3 ಪರ್ಸೆಂಟ್ ಸಲೈನ್ ಕೆ.ಜಿ.ಗೆ 2ರಿಂದ 5 ಎಂಎಲ್, 10–20 ನಿಮಿಷದಲ್ಲಿ. 25 ಕೆ.ಜಿ.ಯ ಮಗುವಿಗೆ 75 ಎಂಎಲ್‌ನಿಂದ ಶುರು ಮಾಡಿ.